ಸಂಗೀತದ ಕೋಣೆಯಲ್ಲಿ ಆಡಿದ ಮಾತು

ರ‍್ಯಾಂಡಲ್ ಪ್ರುಯಿಟ್ ಸಂಗೀತದ ಕೋಣೆಯ ಬಾಗಿಲು ಹಾಕಿದ. ಚಿಲಕ ಎಳೆದು ನೋಡಿದ. ಸಾಲದೆಂದು ತನ್ನ ಕೋಟನ್ನೇ ಸುರುಳಿ ಸುತ್ತಿ ಬಾಗಿಲಡಿಯ ಸಂದಿಗೆ ತುರುಕಿದ.

"ನಮ್ಮಲ್ಲೇ ಯಾರೋ ಆ ಕಡೆಗೆ ಸುದ್ದಿ ಊದ್ತಿದ್ದಾರೆ," ಅಂದ.

ಕೋಣೆಯಲ್ಲಿದ್ದವರು ಇನ್ನಿಬ್ಬರೇ. ಶಾಲಾ ಮಂಡಳಿಯ ಅಧ್ಯಕ್ಷ ಲೈಲ್ ಹ್ಯಾಚರ್ ಡೋನಟ್ ಮೆಲ್ಲುವುದನ್ನು ನಿಲ್ಲಿಸಿ ಅಂಗಿಯ ಮೇಲಿನ ಸಕ್ಕರೆ ಪುಡಿ ಕೊಡವಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಟಿಪ್ಪಣಿ ಬರೆಯುವ ಕಾನಿ ಪೆನ್ನು ಕೆಳಗಿಟ್ಟಳು.

"ಹೋದ ಸಲ ಇಲ್ಲೇ ಕೂತು ಏನು ತೀರ್ಮಾನ ಮಾಡಿದ್ವಿ? ಟೀಚರುಗಳ ಊಟದ ವಿರಾಮ ಕಿತ್ಕೊಳ್ತೀವಿ ಅಂತ ಹೆದರಿಸೋದು. ಗಲಾಟೆ ಮಾಡಿದ್ರೆ ಅದನ್ನ ವಾಪಸ್ ಕೊಟ್ಟು ಸಹಾಯಕಿಯರನ್ನ ಬಿಟ್ಟುಕೊಡಿ ಅನ್ನೋದು. ನಾನು ಹೆದರಿಸಿದೆ. ಅವರ ಕಡೆಯ ಆ ಓಕ್ಸ್ ಆಕಳಿಸಿಬಿಟ್ಟ! 'ಊಟ ಹೇಗೂ ವಾಪಸ್ ಕೊಡ್ತೀರಿ, ಮುಂದಿನದು ಹೇಳಿ' ಅಂದ. ಅವನಿಗೇನು ಕನಸು ಬಿದ್ದಿತ್ತಾ?"

ಮಿಶಿಗನ್ನಿನ ಆ ಪುಟ್ಟ ಶಾಲಾ ಜಿಲ್ಲೆಯಲ್ಲಿ ಶಿಕ್ಷಕರ ಒಪ್ಪಂದ ಮುಗಿದಿತ್ತು. ಹೊಸದರ ಚೌಕಾಸಿ ಲೈಬ್ರರಿಯ ಮೇಜಿನಲ್ಲಿ. ಗುಟ್ಟು ಮಾತಾಡಬೇಕಾದರೆ ಮಂಡಳಿಯವರು ಎದ್ದು ಸಂಗೀತದ ಕೋಣೆಗೆ ಬರಬೇಕು, ಶಿಕ್ಷಕರು ಲೈಬ್ರರಿಯಲ್ಲೇ ಉಳಿಯಬೇಕು. ಅದು ಪದ್ಧತಿ. ನಡೆಯಲಾರದ, ಮಾತು ಬಾರದ ಮಕ್ಕಳಿಗೆ ಊಟ ಮಾಡಿಸಿ, ಶೌಚಕ್ಕೆ ಕರೆದೊಯ್ಯುವ ಸಹಾಯಕಿಯರನ್ನೆಲ್ಲ ಮನೆಗೆ ಕಳಿಸಿ, ಆ ಕೆಲಸವನ್ನು ಹೊರಗಿನ ಕಂಪನಿಗೆ ಒಪ್ಪಿಸುವುದು ಮಂಡಳಿಯ ಪರ ಚೌಕಾಸಿಗೆ ಕೂತ ಪ್ರುಯಿಟ್‌ನ ಗುರಿ. ಅಷ್ಟು ಮಾಡಿ ತೋರಿಸಿದರೆ ಸೂಪರಿಂಟೆಂಡೆಂಟ್ ಕುರ್ಚಿ ಅವನದೇ ಎಂದು ಹ್ಯಾಚರ್ ಮಾತು ಕೊಟ್ಟಿದ್ದ.

ಪ್ರುಯಿಟ್ ಜನ್ಮದಲ್ಲಿ ಒಂದು ದಿನವೂ ಮಕ್ಕಳೆದುರು ನಿಂತು ಪಾಠ ಮಾಡಿದವನಲ್ಲ. ಹಾಗಾಗಿಯೇ ಶಾಲೆಯ ವಿಷಯವೆಲ್ಲ ತನಗೆ ಗೊತ್ತೆಂಬ ಗಟ್ಟಿ ನಂಬಿಕೆ. ಕೆಂಪು ಟೀ ಶರ್ಟು ತೊಟ್ಟು ಬರುವ ಶಿಕ್ಷಕರ ಸಂಘದವರನ್ನು ಕಂಡರೆ ಅವನಿಗೆ ನಗು. ಅವರ ಪರ ಮಾತಾಡುವವನು ಲೆಕ್ಕದ ಮೇಷ್ಟ್ರು ಓಕ್ಸ್. ಅವನ ಪಕ್ಕದಲ್ಲಿ ಒಂದನೇ ತರಗತಿಯ ಬೋರ್ಸ್‌ಮಾ ಟೀಚರ್. ಎರಡೂ ಕಿವಿಗೆ ಯಂತ್ರ, ಮಡಿಲಲ್ಲಿ ಉಣ್ಣೆಯ ಹೆಣಿಗೆ. ಮಾತುಕತೆಗೆ ಕಿವಿ ಕೇಳದವರನ್ನು ಕಳಿಸುವ ಸಂಘ! ಮೊದಲ ದಿನ ಆಕೆ, ತನಗೆ ಕೇಳಿಸಲೆಂದು, ಆ ಯಂತ್ರಕ್ಕೆ ದನಿ ಕಳಿಸುವ ತರಗತಿಯ ಪುಟ್ಟ ಮೈಕನ್ನು ಕೊರಳಿಗೆ ಹಾಕಿಕೊಳ್ಳಿ ಎಂದು ಕೇಳಿಕೊಂಡಿದ್ದರು. ಪತ್ರಿಕೆಯ ಫೋಟೋದವನು ಎದುರಿಗಿದ್ದ. ಪ್ರುಯಿಟ್ ಹಲ್ಲು ಕಿರಿದು ಹಾಕಿಕೊಂಡ.

"ಒಂದು ಮಾತು, ಇದನ್ನ..." ಎಂದು ಟೀಚರ್ ಶುರು ಮಾಡಿದರು.

"ನನಗೆ ಪಾಠ ಬೇಡ, ತಾಯಿ. ಒಂದನೇ ಕ್ಲಾಸು ನಾನು ಆಗಲೇ ಪಾಸಾಗಿದ್ದೀನಿ."

ಹ್ಯಾಚರ್ ಗಹಗಹಿಸಿ ನಕ್ಕಿದ್ದ. ಮರುದಿನ ಪತ್ರಿಕೆಯಲ್ಲಿ ದೊಡ್ಡ ಮನಸ್ಸಿನ ಪ್ರುಯಿಟ್‌ನ ಚಿತ್ರ. ಅದನ್ನು ಕತ್ತರಿಸಿ ಮೇಜಿನ ಮೇಲಿಟ್ಟುಕೊಂಡು, ಪ್ರತಿ ಸಭೆಗೂ ಮೈಕ್ ತೊಟ್ಟೇ ಕೂರತೊಡಗಿದ ಭೂಪ, ಆಮೇಲೆ ಸಂಗೀತದ ಕೋಣೆಯಲ್ಲಿ ಕಿವಿಗೆ ಕೈ ಹಿಡಿದು "ಏನಂದ್ರಿ? ಏನಂದ್ರಿ?" ಎಂದು ಆಕೆಯ ಅಣಕ ಮಾಡಿ ತೋರಿಸಿದ. ವಾಪಸ್ ಹೋದಾಗ ಬೋರ್ಸ್‌ಮಾ ಟೀಚರ್ ಹೆಣಿಗೆ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ಕಿವುಡರು ತುಟಿ ನೋಡುತ್ತಾರೆ, ಪಾಪ ಅಂದುಕೊಂಡ.

ಈಗ ಅವನ ಕಣ್ಣು ಕಾನಿಯ ಮೇಲೆ ಬಿತ್ತು.

"ನಿನ್ನ ಅಳಿಯ ಮೇಷ್ಟ್ರಲ್ವಾ?"

"ಹೌದು ಸರ್. ಆದ್ರೆ ಈ ಊರಲ್ಲಲ್ಲ, ಒಹಾಯೋದಲ್ಲಿ."

"ಎಲ್ಲಿದ್ರೇನು, ಮೇಷ್ಟ್ರು ಮೇಷ್ಟ್ರೇ. ನಾಳೆಯಿಂದ ಬರಬೇಡ."

"ನನ್ನ ಬಾಯಿಂದ ಒಂದಕ್ಷರ ಹೊರಗೆ ಹೋಗಿಲ್ಲ, ಸರ್."

"ಎಲ್ಲ ಕಳ್ಳರೂ ಹಾಗೇ ಅನ್ನೋದು."

ಕಾನಿ ಅಳಲಿಲ್ಲ. ಚೀಲ ತೆಗೆದುಕೊಂಡು, ಬಾಗಿಲಡಿಯ ಕೋಟನ್ನು ತುಳಿದುಕೊಂಡೇ ಹೋದಳು.

ಮುಂದಿನ ಸಭೆಯಲ್ಲಿ ಸಂಗೀತದ ಕೋಣೆಗೆ ಬಂದವರು ಇಬ್ಬರೇ. ಪ್ರುಯಿಟ್ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದ. ಪಿಯಾನೋದ ಮುಚ್ಚಳವನ್ನೂ ಎತ್ತಿ ನೋಡಿದ. ಆಮೇಲೆ ಗದ್ದವನ್ನು ಎದೆಗೊತ್ತಿ ಪಿಸುಗುಟ್ಟಿದ.

"ಲೈಲ್, ಆ ಕಂಪನಿ ಕೈ ಎತ್ತಿಬಿಟ್ಟಿದೆ. ಜನಾನೇ ಇಲ್ವಂತೆ. ಆದ್ರೆ ಓಕ್ಸ್‌ಗೆ ಅದು ಗೊತ್ತಿಲ್ಲ. ಸೋಮವಾರದಿಂದ್ಲೇ ಕಂಪನಿಯವರು ಬರ್ತಾರೆ ಅಂತ ಹೆದರಿಸಿದ್ರೆ ನಡುಗಿ ಸಹಿ ಹಾಕ್ತಾನೆ."

"ನಿನ್ನ ತಲೆ ಅಂದ್ರೆ ತಲೆ ಕಣಯ್ಯ!" ಅಂದ ಹ್ಯಾಚರ್.

ಇಬ್ಬರೂ ಒಟ್ಟಿಗೇ ಎದ್ದು ಲೈಬ್ರರಿಗೆ ಹೋದರು. ನಡುವೆ ಯಾರೂ ಎದುರಾಗಲಿಲ್ಲ. ಹ್ಯಾಚರ್ ಫೋನು ಮುಟ್ಟಲಿಲ್ಲ.

"ಸೋಮವಾರದಿಂದ..." ಎಂದು ಪ್ರುಯಿಟ್ ಗುಡುಗಿದ.

"ಸೋಮವಾರದಿಂದ ಯಾರು ಬರ್ತಾರೆ, ಮಿಸ್ಟರ್ ಪ್ರುಯಿಟ್?" ಓಕ್ಸ್ ಮೃದುವಾಗಿ ಕೇಳಿದ. "ಕಂಪನೀಲಿ ಜನಾನೇ ಇಲ್ವಲ್ಲ?"

ಪ್ರುಯಿಟ್‌ನ ಮುಖ ಸುಟ್ಟ ಬದನೆಕಾಯಿಯಾಯಿತು. ಸರಕ್ಕನೆ ಹ್ಯಾಚರ್ ಕಡೆ ತಿರುಗಿದ.

"ಕೋಣೇಲಿ ಇದ್ದೋರು ನಾವಿಬ್ರೇ! ನೀನೇ ಕಣೋ ಕಳ್ಳ! ಉಂಡ ಮನೆಗೆ ಎರಡು ಬಗೆಯೋನು!"

"ನಾನಾ?" ಹ್ಯಾಚರ್ ಕುರ್ಚಿ ಬೀಳಿಸಿಕೊಂಡು ಎದ್ದ. "ನನ್ನ ಹೆಂಡತಿಗೂ ಬಾಯಿಬಿಡದ ನನ್ನನ್ನ, ಇವರೆಲ್ಲರ ಎದುರಿಗೆ ಕಳ್ಳ ಅಂತೀಯಾ? ನಿನಗೆ ಕುರ್ಚಿ ಬೇಕಾ? ನಿನ್ನ ಮನೇಲಿರೋದರ ಮೇಲೆ ಹೋಗಿ ಕೂತ್ಕೋ. ಓಕ್ಸ್, ಸಹಾಯಕಿಯರು ಎಲ್ಲಿದ್ದಾರೋ ಅಲ್ಲೇ ಇರ್ತಾರೆ. ತನ್ನಿ, ಈಗಲೇ ಸಹಿ ಹಾಕ್ತೀನಿ. ಆ ಕಾನೀನೂ ನಾಳೆಯಿಂದ ಕೆಲಸಕ್ಕೆ ಬರ್ಲಿ."

ಸಹಿ ಹಾಕಿದ, ಬಾಗಿಲು ಬಡಿದು ಹೋದ. ಕೆಂಪು ಶರ್ಟುಗಳೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡವು. ಪ್ರುಯಿಟ್ ಒಬ್ಬನೇ ಮಕ್ಕಳ ಗಿಡ್ಡ ಕುರ್ಚಿಯೊಂದರಲ್ಲಿ ಕುಸಿದು, ಮಂಡಿ ಗದ್ದಕ್ಕೆ ತಾಗಿಸಿಕೊಂಡು, ಲೈಲ್ ಹೇಗೆ ಹೇಳಿದ, ಯಾವಾಗ ಹೇಳಿದ ಎಂದು ಲೆಕ್ಕ ಹಾಕುತ್ತಲೇ ಇದ್ದ.

ಬೋರ್ಸ್‌ಮಾ ಟೀಚರ್ ಉಣ್ಣೆ ಸುತ್ತಿ ಚೀಲಕ್ಕಿಟ್ಟು ನಿಧಾನವಾಗಿ ಹತ್ತಿರ ಬಂದರು. ಅಂಗೈ ಚಾಚಿದರು.

"ನಮ್ಮ ಮೈಕ್ ಕೊಡ್ತೀರಾ, ಮಿಸ್ಟರ್ ಪ್ರುಯಿಟ್? ಅವತ್ತು ನಾನು ಹೇಳೋಕೆ ಬಂದಿದ್ದು ಇಷ್ಟೇ: ಕೋಣೆ ಬಿಟ್ಟು ಹೋಗುವಾಗ ಇದನ್ನ ಆರಿಸ್ಬೇಕು. ಆರಿಸೋದು ಮರೆತು ಟಾಯ್ಲೆಟ್ಟಿಗೆ ಹೋಗದ ಟೀಚರೇ ಇಲ್ಲ ಬಿಡಿ, ಆದ್ರೆ ಅಲ್ಲಿ ನಾವ್ಯಾರೂ ಇಷ್ಟೊಂದು ಮಾತಾಡಿರಲಿಲ್ಲ."