ವಂದನಾರ್ಪಣೆ

ಎಲ್ಲರೆದುರು ದನಿ ನಡುಗಿಬಿಟ್ಟರೆ ಏನು ಗತಿ ಎಂಬುದೊಂದೇ ಅವಳ ಚಿಂತೆ. ವಿಭಾಗದಲ್ಲಿ ಅವಳೇ ಕಿರಿಯ ಅತಿಥಿ ಉಪನ್ಯಾಸಕಿ. ಸಭೆ ಯಾವುದಾದರೂ ವಂದನಾರ್ಪಣೆ ಅವಳ ತಲೆಗೇ.

ಡೀನ್ ಹೇಳುತ್ತಿದ್ದರು: "ಅನುದಾನ ಬಂದಿಲ್ಲ, ರಿಪೇರಿ ಇಲ್ಲ. ಎಲ್ಲರಿಗೂ ಕ್ಲಾಸು ಜಾಸ್ತಿ. ಸೋಮವಾರದಿಂದ ಆ ಹೆಚ್ಚಿನ ಕ್ಲಾಸೆಲ್ಲ ಹಳೇ ಹಾಲ್‌ನಲ್ಲಿ."

"ಸಾರ್, ಅದರ ಚಾವಣಿ ಬಿರುಕು ಬಿಟ್ಟಿದೆ. ಕೆಳಗೆ ಮಕ್ಕಳು ಕೂರ್ತಾರೆ," ಎಂದರು ಹಿರಿಯ ಮೇಷ್ಟ್ರೊಬ್ಬರು.

"ಬಿರುಕು ಯಾವ ಮನೇಲಿಲ್ಲ ರೀ? ಭಯ ಇದ್ದೋರು ರಾಜೀನಾಮೆ ಕೊಡಿ. ಅತಿಥಿಗಳು ಕೊಡೋದೂ ಬೇಡ, ನಾಳೆಯಿಂದ ಬರದಿದ್ರೆ ಸಾಕು."

ವಂದನಾರ್ಪಣೆಗೆಂದು ಡೀನ್ ಅವಳತ್ತ ಕೈಮಾಡಿದರು.

ಅವಳು ಎದ್ದಳು. ದನಿ ನಡುಗಿಯೇ ನಡುಗಿತು.

"ಈ ಸಭೆಗೆ ನಾನು ಹಳೇ ಹಾಲನ್ನೇ ಗೊತ್ತುಮಾಡಿದ್ದೆ. 'ಅಲ್ಲಿ ಕೂತು ಸಾಯ್ಬೇಕೇನಮ್ಮಾ?' ಅಂತ ಗದರಿಸಿ ಇಲ್ಲಿಗೆ ಬದಲಾಯಿಸಿದ ಡೀನ್ ಸಾಹೇಬರಿಗೆ ಮೊದಲ ವಂದನೆ."