ಮೂರು ತಲೆಮಾರಿನ ಬ್ಯಾಗು

ಹುಡುಗನ ತಾಯಿಯ ಕಣ್ಣು ಮತ್ತೆ ಬ್ಯಾಗಿನ ಮೇಲೆಯೇ ಬಿತ್ತು. ಇವರು ಹುಡುಗನ ಮನೆಗೆ ಬಂದಾಗಿನಿಂದ ಇದು ನೂರನೆಯ ಸಲವೋ, ಸಾವಿರನೆಯ ಸಲವೋ. ಹುಡುಗಿಯ ತಾಯಿ ಅದನ್ನು ಹಸುಗೂಸಿನಂತೆ ಅವುಚಿಕೊಂಡಳು.

ಅದೇನು ಸಾಮಾನ್ಯ ಬ್ಯಾಗೇ? ಅರ್ಧ ಶತಮಾನ ಕಂಡದ್ದು. ಜಗದ್ವಿಖ್ಯಾತ ವಿನ್ಯಾಸಕಾರನದು. ಜೇನುಬಣ್ಣದ ಚರ್ಮ, ಹಿತ್ತಾಳೆಯ ಕೊಂಡಿ. ಅದು ಒಳಗೆ ಬಂದರೆ ಸೋಫಾಗಳೇ ಎದ್ದು ನಿಲ್ಲಬೇಕು! ಹೊಸದನ್ನು ದುಡ್ಡಿದ್ದವರೆಲ್ಲ ಕೊಳ್ಳುತ್ತಾರೆ. ಹಳೆಯದು ಕೈಯಲ್ಲಿದ್ದರೆ ಮನೆತನವೇ ಕೈಯಲ್ಲಿದ್ದಂತೆ. ಮಗಳ ಸಂಬಂಧ ಕುದುರಲೆಂದು ಅವಳು ಅದನ್ನು ಬಾಡಿಗೆಗೆ ತಂದ ಸಂಗತಿ ಗಂಡನನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ.

“ನಮ್ಮಜ್ಜೀದು. ಮೂರು ತಲೆಮಾರಿಂದ ಮನೇಲೇ ಇದೆ,” ಎಂದಳು, ಯಾರೂ ಕೇಳದಿದ್ದರೂ.

ಗಂಡ ಕೆಮ್ಮಿದ. “ಇವರಜ್ಜಿ ಗೋಣಿಚೀಲ ಬಿಟ್ರೆ...” ಉಳಿದ ಮಾತನ್ನು ಅವಳ ಮೊಣಕೈ ಮುಗಿಸಿತು.

“ಹೌದಾ?” ಹುಡುಗನ ತಾಯಿ ನಕ್ಕರು. “ಜೋಪಾನ. ಇಂಥದ್ದು ಕೈಯಿಂದ ಕೈಗೆ ಹೋಗ್ತಾ ಇರುತ್ತೆ.”

ಅವಳಿಗೆ ಬೆವರು ಕಿತ್ತುಕೊಂಡಿತು. ಕರವಸ್ತ್ರ ತೆಗೆಯೋಣವೆಂದರೆ ಕೊಂಡಿ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ.

“ಒಂಚೂರು ಮೇಲಕ್ಕೆತ್ತಿ ಎಡಕ್ಕೆ ತಿರುಗಿಸಿ,” ಎಂದರು ಎದುರು ಕೂತಿದ್ದ ಹುಡುಗನ ತಾಯಿ.

ತಿರುಗಿಸಿದಳು. ಬೆಣ್ಣೆಯಂತೆ ಬಿಚ್ಚಿತು. ಸ್ವಂತ ಬ್ಯಾಗಿನ ಕೊಂಡಿ ತಿಳಿಯದವಳು ಅವಳೊಬ್ಬಳೇ ಇರಬೇಕು! ಇವರೋ, ಇಂಥ ಬ್ಯಾಗುಗಳ ನಡುವೆಯೇ ಅಂಬೆಗಾಲಿಟ್ಟವರು. ಅತ್ತ ಮಗಳು, ಹುಡುಗ ಲೋಕವನ್ನೇ ಮರೆತು ನಗುತ್ತಿದ್ದರು. ಸುಳ್ಳು ಬಯಲಾದರೆ ಆ ನಗುವಿಗೆ ಇಂದೇ ಕೊನೆ.

“ತಳದಲ್ಲಿ ಗೀರಿದೆಯಲ್ಲ. ಇವತ್ತು ಬಿದ್ದಿದ್ದಾ?”

“ಇಲ್ಲ ಇಲ್ಲ, ಅಜ್ಜಿ ಕಾಲದ್ದು!”

ಹುಡುಗನ ತಾಯಿ ತಟ್ಟನೆ ಎದ್ದರು. “ಸ್ವಲ್ಪ ಅಡುಗೆಮನೆಗೆ ಬನ್ನಿ. ಒಂದು ಮಾತಿದೆ.”

ಅವಳ ಕಾಲು ನೆಲಕ್ಕೆ ಬೇರು ಬಿಟ್ಟಿತು. ಹೇಗೋ ಕಿತ್ತುಕೊಂಡು ಹಿಂದೆ ಹೋದಳು. ಬಾಗಿಲು ಮುಚ್ಚಿದ್ದೇ ತಡ, ಬಾಯಿ ಬಿಟ್ಟಳು. “ತಪ್ಪಾಯ್ತು. ಮಗಳಿಗೆ ಏನೂ ಗೊತ್ತಿಲ್ಲ. ಬೈಯೋದಿದ್ರೆ ನನ್ನ ಬೈಯ್ರಿ...”

“ಶ್! ಮೆಲ್ಲಗೆ!” ಹುಡುಗನ ತಾಯಿ ಬ್ಯಾಗನ್ನು ತಿರುಗಿಸಿ ಗೀರನ್ನು ಬೆರಳಿನಿಂದ ಉಜ್ಜಿದರು. “ಹೋದ್ಸಲ ನಾನು ತಂದಾಗ ಇದಿರಲಿಲ್ಲ, ಕಣ್ರೀ. ಈಗ ಎಲ್ರೂ ನೋಡ್ಬಿಟ್ರು, ಅಜ್ಜಿ ಕಥೇನೂ ನೀವೇ ಹೇಳ್ಬಿಟ್ರಿ. ನಾಳೆ ಬಾಡಿಗೆ ಅಂಗಡೀಲಿ ವಾಪಸ್ ಕೊಡುವಾಗ ನನ್ನ ಬುಕಿಂಗಿಗೆ ಬೇರೆ ಬ್ಯಾಗ್ ಕೊಡೋಕೆ ಹೇಳಿ. ಭಾನುವಾರ ನಿಮ್ಮನೆಗೆ ನಾನು ಇದನ್ನೇ ಹಿಡ್ಕೊಂಡು ಬರೋದಿತ್ತು!”