ಮೊದಲ ಮುದ್ರಣದವರ ಸಂಘ

ಮೂರು ಗಂಟೆಗೆ ಸರಿಯಾಗಿ ಅತ್ತೆ ಗೆದ್ದುಬಿಟ್ಟರು. ಗೆಲ್ಲಲಿ ಎಂದು ಅವರನ್ನು ಯಾರೂ ಕರೆದಿರಲಿಲ್ಲ. ಲೈಬ್ರರಿಯ ಕೋಣೆಯಲ್ಲಿ ಎಂಟು ತಲೆ ಕಾಣಬೇಕಿತ್ತು, ತನ್ನದೂ ಸೇರಿ ಏಳೇ ಇದ್ದವು, ಅದಕ್ಕೇ ಕನ್ನಡಕದ ಅಂಗಡಿಯವನು ಹೆಂಡತಿಯ ತಾಯಿಯ ಕೈಕಾಲು ಹಿಡಿದು ಕರೆತಂದಿದ್ದ. "ಕಾರ್ಡ್ ಹಿಡ್ಕೊಂಡು ಸುಮ್ನೆ ಕೂತಿದ್ರೆ ಸಾಕು ಅತ್ತೆ" ಅಂದಿದ್ದ. ಅತ್ತೆ ಸುಮ್ಮನೆ ಕೂರುವ ಪೈಕಿಯೇ? ಅಳಿಯ ಕಾಟಾಚಾರಕ್ಕೆ ಒಂದು ವಾರ ಕಲಿಸಿದ ಆಟದಲ್ಲಿ, ಸಂಘದ ಹುಲಿ ಎನಿಸಿಕೊಂಡ ಗಣಿತದ ಮೇಷ್ಟ್ರಿಗೆ ಹತ್ತೇ ನಿಮಿಷದಲ್ಲಿ ಮಣ್ಣು ಮುಕ್ಕಿಸಿದರು.

ಈ ಸಂಘ ಕಟ್ಟಲು ಅಳಿಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಮಂತ್ರವಾದಿಗಳು, ರಾಕ್ಷಸರು ಇರುವ ಈ ಕಾರ್ಡಾಟವನ್ನು ಅವನು ಚಿಕ್ಕಂದಿನಲ್ಲಿ ಅಣ್ಣನ ಜೊತೆ ಹೊತ್ತು ಗೊತ್ತಿಲ್ಲದೆ ಆಡುತ್ತಿದ್ದ. ಈಗ ತಿಂಗಳಿಗೊಂದು ಹೊಸ ಕಾರ್ಡು ಬಂದು ಆಟ ಕೆಟ್ಟು ಕೆರ ಹಿಡಿದಿದೆ ಎಂದು ಅವನ ಕೊರಗು. ಆದ್ದರಿಂದ ಸಂಘದಲ್ಲಿ ಹಳೇ ಪದ್ಧತಿ: ಮೊದಲ ಮುದ್ರಣದ ಕಾರ್ಡು ಮಾತ್ರ. ಮೂಲೆಯಲ್ಲಿ ಸಾಸಿವೆಯಷ್ಟು ನಕ್ಷತ್ರ ಕಂಡರೆ ಅದು ಮರುಮುದ್ರಣ. ಅಂಥದ್ದು ಇಟ್ಟುಕೊಂಡವರು ಹೊರಗೆ. ಕಣ್ಣು ತೋರಿಸಲು ಬಂದವರನ್ನೂ ಬಿಡದೆ "ಕೊನೇ ಸಾಲು ಓದಿ... ಅಂದ್ಹಾಗೆ, ಮನೇಲಿ ಹಳೇ ಕಾರ್ಡೇನಾದ್ರೂ ಇದ್ಯಾ?" ಎಂದು ಕೇಳಿ ಕೇಳಿ, ಮೂರು ವರ್ಷಕ್ಕೆ ಆರು ಜನರನ್ನು ಗುಡ್ಡೆ ಹಾಕಿದ್ದ. ಕಳೆದ ವಾರ ಲೈಬ್ರರಿ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು: "ಭಾನುವಾರ ನಾಲ್ಕಕ್ಕೆ ಬಂದು ಎಣಿಸ್ತೀನಿ. ಎಂಟು ಜನ ಆಡ್ತಿದ್ರೆ ಕೋಣೆ ನಿಮ್ಮದು. ಇಲ್ಲಾಂದ್ರೆ ಹೊಲಿಗೆ ಕ್ಲಾಸಿಗೆ."

ಆ ಭಾನುವಾರ ಇವತ್ತೇ. ಎಂಟು ಜನ ಇದ್ದರು. ಆದರೆ ಸೋಲು ಮೇಷ್ಟ್ರ ಗಂಟಲಲ್ಲಿ ಇಳಿಯಲಿಲ್ಲ.

"ಅಧ್ಯಕ್ಷರೇ, ಅಮ್ಮಾವ್ರ ಆ ರಾಕ್ಷಸನ್ನ ಒಂದ್ಸಲ ನೋಡ್ಬಿಡಿ."

ಅಳಿಯ ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದ. ಮುಖ ಹುಳ್ಳಗಾಯಿತು. ಮೂಲೆಯಲ್ಲಿ ನಕ್ಷತ್ರ!

"ಅತ್ತೆ, ಇದು ನಡೆಯಲ್ಲ."

"ಯಾಕೆ ನಡೆಯಲ್ಲ? ನಿಮ್ಮ ಡಬ್ಬೀದೇ ಅಲ್ವಾ ಅಳಿಯಂದ್ರೇ? ನೀವೇ ಆರಿಸಿ ಕೊಟ್ಟಿದ್ದು."

"ತಪ್ಪು ನಂದೇ. ಆದ್ರೆ ನಿಯಮ ಅಂದ್ರೆ ನಿಯಮ. ಅತ್ತೆ ಅಂತ ಬಿಟ್ರೆ ನಾಳೆ ನಾಲ್ಕು ಜನ ಏನಂತಾರೆ?"

"ನಾಲ್ಕು ಜನ ಉಳಿದ್ರೆ ತಾನೇ ಅನ್ನೋಕೆ!" ಅತ್ತೆ ಕಾರ್ಡುಗಳನ್ನು ಬಾಚಿಕೊಂಡು ಎದ್ದು, ಹೊರಗೆ ವರಾಂಡದ ಬೆಂಚಿನ ಮೇಲೆ ಹೋಗಿ ಕೂತರು.

ಅಲ್ಲಿಗೆ ಮುಗಿಯಬಹುದಿತ್ತು. ಬ್ಯಾಂಕಿನ ಕ್ಯಾಶಿಯರ್ ಬಿಡಬೇಕಲ್ಲ! "ನ್ಯಾಯ ಎಲ್ರಿಗೂ ಒಂದೇ. ಮೇಷ್ಟ್ರದ್ದೂ ನೋಡಿ" ಎಂದ. ಮೇಷ್ಟ್ರ ಕಟ್ಟಿನಲ್ಲಿ ಎರಡು ನಕ್ಷತ್ರ ಸಿಕ್ಕವು. ಹೊರಟ ಮೇಷ್ಟ್ರು ಬಾಗಿಲಲ್ಲೇ ತಿರುಗಿ ಕ್ಯಾಶಿಯರ್ ಕಡೆ ಬೆರಳು ಮಾಡಿದರು. ಅವನದರಲ್ಲಿ ಐದು. ಕ್ಯಾಶಿಯರ್ ತನ್ನ ಪಕ್ಕದವನನ್ನು ತೋರಿಸಿದ, ಅವನು ಇನ್ನೊಬ್ಬನನ್ನು, ಆ ಇನ್ನೊಬ್ಬ ಮತ್ತೊಬ್ಬನನ್ನು. ಕೊನೆಗೆ ಉಳಿದವನ ಕಾರ್ಡುಗಳಲ್ಲಿ ನಕ್ಷತ್ರವೇ ಇರಲಿಲ್ಲ, ಪಾಪ. ಒಂದರ ಮೂಲೆಯಲ್ಲಿ ಸಣ್ಣ ಗೀರಿತ್ತು. ಗೀರಿನ ಅಡಿಯಲ್ಲಿ ನಕ್ಷತ್ರ ಇದ್ದಿರಬಹುದೆಂಬ ಗುಮಾನಿಯ ಮೇಲೆ ಅವನೂ ಹೊರಗೆ ನಡೆದ. ಕೋಣೆಯಲ್ಲಿ ಅಳಿಯನೊಬ್ಬನೇ ಉಳಿದ. ಅವನ ಕಟ್ಟು ಅಪ್ಪಟ ಚಿನ್ನ, ಹತ್ತು ಸಲ ಪರೀಕ್ಷೆಯಾದದ್ದು. ಮೂರು ವರ್ಷದಲ್ಲಿ ಸಂಘ ಇಷ್ಟು ಶುದ್ಧವಾಗಿದ್ದದ್ದೇ ಇಲ್ಲ ಎಂದು ಒಂದು ಗಳಿಗೆ ಅವನಿಗೆ ಹೆಮ್ಮೆಯೂ ಆಯಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಲೈಬ್ರರಿ ಮೇಡಂ ಬಂದರು. ಹಿಂದೆಯೇ ಕೊರಳಿಗೆ ಟೇಪು ಹಾಕಿಕೊಂಡ ಹೊಲಿಗೆ ಟೀಚರು, ಕಿಟಕಿಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತ.

"ಏನ್ರೀ, ಒಬ್ಬರೇ ಇದ್ದೀರಿ?"

"ಉಳಿದೋರೆಲ್ಲ ಅನರ್ಹರು ಮೇಡಂ."

"ಅರ್ಹರೋ ಅನರ್ಹರೋ ನಂಗ್ಗೊತ್ತಿಲ್ಲಪ್ಪ. ಹೊರಗೆ ಏಳು ಜನ ಆಡ್ತಾ ಕೂತಿದ್ದಾರೆ. ನೀವೂ ಹೋಗಿ ಕೂತ್ರೆ ಎಂಟು. ಇನ್ನೂ ಐದು ನಿಮಿಷ ಟೈಮಿದೆ."

ವರಾಂಡದಿಂದ ನಗು ಕೇಳಿಸಿತು. ಮೇಷ್ಟ್ರು ಅತ್ತೆಯ ಕೈಲಿ ಇನ್ನೊಂದು ಸಲ ಸೋತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಣ್ಣನೂ ಸೋತಾಗ ಹೀಗೇ ನಗುತ್ತಿದ್ದ. ಓಡಿಹೋಗಿ ಅವರ ನಡುವೆ ಕೂತುಬಿಡೋಣ ಎಂದು ಅಳಿಯನಿಗೆ ಅನಿಸಿತು. ಆದರೆ ನಿಯಮ ಬರೆದವನೇ ಅನರ್ಹರ ಪಂಕ್ತಿಯಲ್ಲಿ ಕೂತರೆ ಮರ್ಯಾದೆ ಉಳಿದೀತೇ?

"ಬನ್ನಿ ಅಳಿಯಂದ್ರೇ, ಜಾಗ ಇದೆ!" ಅತ್ತೆ ಅಲ್ಲಿಂದಲೇ ಕೂಗಿದರು. "ಆ ಭೂತಗನ್ನಡಿ ಮಾತ್ರ ಅಲ್ಲೇ ಬಿಟ್ಟು ಬನ್ನಿ."

ಅವನು ಬಿಡಲಿಲ್ಲ. ಗಡಿಯಾರ ನೋಡಿದ, ಹಣೆಯ ಬೆವರು ಒರೆಸಿಕೊಂಡ. ತನ್ನ ಅಪ್ಪಟ ಕಟ್ಟನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು, ಒಂದೊಂದೇ ಕಾರ್ಡಿನ ಮೂಲೆಯನ್ನು ಹುಡುಕತೊಡಗಿದ: ದೇವರೇ, ಒಂದಾದರೂ ನಕ್ಷತ್ರ ಸಿಗಲಪ್ಪಾ.